ಗಂಟಲನ್ನು ನೋಡಿ: ಕಾಡಿನ ಪುಟ್ಟ ನೀಲಿ ಹಕ್ಕಿಯನ್ನು ಗುರುತಿಸುವ ಕ್ರಮ

ಕರ್ನಾಟಕದ ಎಲೆಯುದುರುವ ಕಾಡುಗಳಲ್ಲಿ, ಮಲೆನಾಡಿನ ಕಾಫಿ ತೋಟಗಳಲ್ಲಿ, ಬೆಟ್ಟದ ತಪ್ಪಲಿನ ಬಿದಿರು ಮೆಳೆಗಳಲ್ಲಿ ಓಡಾಡುವವರಿಗೆ ಗುಬ್ಬಚ್ಚಿಗಿಂತ ತುಸು ಚಿಕ್ಕದಾದ ನೀಲಿ ಹಕ್ಕಿಯೊಂದು ಒಮ್ಮೆಯಾದರೂ ಕಣ್ಣಿಗೆ ಬಿದ್ದಿರುತ್ತದೆ. ಕ್ಷಣಕಾಲ ಕಾಣಿಸಿಕೊಂಡು ಎಲೆಗಳ ಮರೆಗೆ ಸರಿದ ಆ ಹಕ್ಕಿ ಹೇಗಿತ್ತು ಎಂದು ಕೇಳಿದರೆ ಹೆಚ್ಚಿನವರು ಹೇಳುವುದು ಅದು ನೀಲಿಯಾಗಿತ್ತು ಎಂಬ ಮಾತನ್ನು ಮಾತ್ರ. ಗುರುತಿಸುವ ಕೆಲಸಕ್ಕೆ ಎಲ್ಲಕ್ಕಿಂತ ಕಡಿಮೆ ನೆರವಾಗುವ ವಿವರವೂ ಅದೇ ಆಗಿದೆ. ನಮ್ಮ ಕಾಡುಗಳಲ್ಲಿ ನೀಲಿ ಬಣ್ಣದ ಸಣ್ಣ ಹಕ್ಕಿಗಳು ಅರ್ಧ ಡಜನ್‌ಗಿಂತ ಹೆಚ್ಚಿವೆ, ಮತ್ತು ಅವುಗಳನ್ನು ಒಂದರಿಂದ ಒಂದು ಬೇರ್ಪಡಿಸುವುದು ಬೆನ್ನಿನ ನೀಲಿಯಲ್ಲ, ಗಂಟಲು ಮತ್ತು ಎದೆಯ ಬಣ್ಣ.

ಈ ಲೇಖನವು ಟಿಕೆಲ್‌ನ ನೀಲಿ ನೊಣಹಿಡುಕವನ್ನು ಅಳತೆಗೋಲಾಗಿ ಇಟ್ಟುಕೊಂಡು ಮುಂದುವರಿಯುತ್ತದೆ. ಸಯೋರ್ನಿಸ್ ಟಿಕೆಲಿಯೆ ಎಂಬ ವೈಜ್ಞಾನಿಕ ಹೆಸರಿನ ಈ ಹಕ್ಕಿಯನ್ನು 1843ರಲ್ಲಿ ಎಡ್ವರ್ಡ್ ಬ್ಲೈತ್ ವಿವರಿಸಿದರು. ಹೆಸರಿನಲ್ಲಿರುವ ಟಿಕೆಲ್ ಅವರು ಭಾರತ ಮತ್ತು ಬರ್ಮಾದಲ್ಲಿ ಹಕ್ಕಿಗಳನ್ನು ಅಭ್ಯಸಿಸಿದ ಬ್ರಿಟಿಷ್ ಸೇನಾಧಿಕಾರಿ. ರಾಜ್ಯದ ಹೆಚ್ಚಿನ ಭಾಗಗಳಲ್ಲಿ ವರ್ಷವಿಡೀ ಇರುವ, ಬೆಂಗಳೂರಿನ ಅಂಚಿನ ಕುರುಚಲು ಕಾಡಿನಿಂದ ಹಿಡಿದು ಘಟ್ಟದ ತೇವದ ಕಾಡಿನವರೆಗೆ ಹೊಂದಿಕೊಂಡು ಬಾಳುವ ನೀಲಿ ನೊಣಹಿಡುಕ ಇದೊಂದೇ. ಆದ್ದರಿಂದ ಮೊದಲು ಇದನ್ನು ಗಟ್ಟಿಯಾಗಿ ಕಲಿತು, ಅನಂತರ ಉಳಿದವುಗಳನ್ನು ಇದರಿಂದ ಹೇಗೆ ಭಿನ್ನ ಎಂಬ ದಾರಿಯಲ್ಲಿ ಕಲಿಯುವುದು ಸುಲಭ.

ಬಣ್ಣವನ್ನು ಬದಿಗಿಡಲು ಕಾರಣ

ಈ ಹಕ್ಕಿಗಳ ಗರಿಯಲ್ಲಿ ನೀಲಿ ವರ್ಣದ್ರವ್ಯವೇ ಇಲ್ಲ. ಗರಿಯ ಎಳೆಗಳೊಳಗೆ ಕೆರಾಟಿನ್ ಎಂಬ ಪ್ರೋಟೀನ್ ಮತ್ತು ಗಾಳಿ ಸೇರಿ ರೂಪಿಸಿರುವ ಅತಿ ಸೂಕ್ಷ್ಮವಾದ ರಂಧ್ರಗಳ ರಚನೆಯು ಬೆಳಕಿನ ನೀಲಿ ಭಾಗವನ್ನು ಹೆಚ್ಚಾಗಿ ಚದುರಿಸಿ ಹಿಂದಕ್ಕೆ ಕಳುಹಿಸುತ್ತದೆ, ಅದರ ಕೆಳಗಿರುವ ಮೆಲನಿನ್ ಎಂಬ ಕಡುಬಣ್ಣದ ವರ್ಣದ್ರವ್ಯದ ಪದರವು ಉಳಿದ ಬೆಳಕನ್ನು ಹೀರಿಕೊಳ್ಳುತ್ತದೆ. ಹೀಗಾಗಿ ಬೆಳಕು ಎಷ್ಟು ಮತ್ತು ಯಾವ ಕಡೆಯಿಂದ ಬೀಳುತ್ತದೆ ಎಂಬುದರ ಮೇಲೆ ನೀಲಿಯ ತೀವ್ರತೆ ನಿಂತಿದೆ. ಎಲೆಗಳ ಸಂದಿಯಿಂದ ಇಳಿದ ಬಿಸಿಲು ನೇರವಾಗಿ ಬೆನ್ನ ಮೇಲೆ ಬಿದ್ದಾಗ ಹೊಳೆಯುವ ಹಕ್ಕಿ, ಅದೇ ಕೊಂಬೆಯಲ್ಲಿ ಅರ್ಧ ಅಡಿ ಸರಿದು ನೆರಳಿಗೆ ಬಂದರೆ ಬೂದು ಬಣ್ಣದ್ದಾಗಿ ಕಾಣುತ್ತದೆ. ಆಕಾಶ ಹಿನ್ನೆಲೆಯಾದರೆ ಬರೀ ಕಪ್ಪು. ಕಿತ್ತಳೆ ಮತ್ತು ಬಿಳಿ ಬಣ್ಣಗಳು ಇಷ್ಟೊಂದು ಮೋಸ ಮಾಡುವುದಿಲ್ಲ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಜಾಲತಾಣಗಳಲ್ಲಿ ಹರಿದಾಡುವ ಚಿತ್ರಗಳಲ್ಲಿ ಬಣ್ಣವನ್ನು ವಿಪರೀತ ಏರಿಸಿರುವುದು ಸಾಮಾನ್ಯವಾಗಿದೆ. ಆ ಚಿತ್ರಗಳನ್ನು ನೋಡಿ ಕಲಿತವರು ಕಾಡಿನಲ್ಲಿ ನಿಜವಾದ ಹಕ್ಕಿ ಎದುರಿಗೆ ಕುಳಿತಿದ್ದರೂ, ಇದು ಅಷ್ಟು ನೀಲಿಯಾಗಿಲ್ಲ ಎಂದು ಅನುಮಾನಪಡುತ್ತಾರೆ. ಚಿತ್ರಗಳಿಂದ ವಿನ್ಯಾಸವನ್ನು, ಅಂದರೆ ಯಾವ ಬಣ್ಣ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಕಲಿಯಬೇಕೇ ಹೊರತು ಬಣ್ಣದ ಗಾಢತೆಯನ್ನಲ್ಲ.

ಮೊದಲ ಹೆಜ್ಜೆ: ತಿಂಗಳು ಮತ್ತು ಜಾಗ

ಹಕ್ಕಿಯನ್ನು ನೋಡುವ ಮೊದಲೇ ಪಟ್ಟಿಯನ್ನು ಅರ್ಧಕ್ಕೆ ಇಳಿಸಬಹುದು. ನೀಲಿ ಗಂಟಲಿನ ನೊಣಹಿಡುಕ, ವರ್ಡಿಟರ್ ನೊಣಹಿಡುಕ, ಅಲ್ಟ್ರಾಮರೀನ್ ನೊಣಹಿಡುಕ ಮತ್ತು ಇಂಡಿಯನ್ ಬ್ಲೂ ರಾಬಿನ್ ಇವು ಹಿಮಾಲಯದ ಕಡೆ ಮರಿ ಮಾಡಿ, ಚಳಿಗಾಲವನ್ನು ಕಳೆಯಲು ದಕ್ಷಿಣಕ್ಕೆ ಬರುವ ಹಕ್ಕಿಗಳು. ಸ್ಥೂಲವಾಗಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಮಾತ್ರ ಅವುಗಳನ್ನು ನಿರೀಕ್ಷಿಸಬೇಕು. ಜೂನ್ ಅಥವಾ ಜುಲೈ ತಿಂಗಳಲ್ಲಿ ನೀಲಿ ಹಕ್ಕಿ ಕಂಡರೆ ಅದು ಟಿಕೆಲ್‌ನ ನೊಣಹಿಡುಕ, ಬಿಳಿ ಹೊಟ್ಟೆಯ ನೀಲಿ ನೊಣಹಿಡುಕ, ಕಪ್ಪು ಹೆಡಕಿನ ಮೊನಾರ್ಕ್ ಅಥವಾ ಎತ್ತರದ ಬೆಟ್ಟಗಳಲ್ಲಾದರೆ ನೀಲಗಿರಿ ನೊಣಹಿಡುಕ ಆಗಿರುವ ಸಾಧ್ಯತೆಯೇ ಹೆಚ್ಚು.

ಜಾಗವೂ ಇದೇ ರೀತಿ ಜರಡಿ ಹಿಡಿಯುತ್ತದೆ. ಬನ್ನೇರುಘಟ್ಟ, ತುರಹಳ್ಳಿ, ಸಾವನದುರ್ಗ, ದೇವರಾಯನದುರ್ಗ, ಮೈಸೂರಿನ ಚಾಮುಂಡಿ ಬೆಟ್ಟ ಇಂತಹ ಒಣ ಕಾಡುಗಳಲ್ಲಿ ನೆರಳಿನ ಹಳ್ಳವಿದ್ದರೆ ಟಿಕೆಲ್‌ನ ಹಕ್ಕಿಯನ್ನು ಹುಡುಕಬಹುದು. ಬಿಳಿ ಹೊಟ್ಟೆಯ ನೀಲಿ ನೊಣಹಿಡುಕವಾದರೋ ಪಶ್ಚಿಮ ಘಟ್ಟಕ್ಕೆ ಮಾತ್ರ ಸೀಮಿತವಾದ ಹಕ್ಕಿ. ಜಗತ್ತಿನ ಬೇರೆಲ್ಲೂ ಅದು ಇಲ್ಲ. ಆಗುಂಬೆ, ಕುದುರೆಮುಖ, ಕೊಡಗು, ದಾಂಡೇಲಿಯಂತಹ ಕಡೆ, ದಟ್ಟ ಕಾಡಿನ ಕತ್ತಲೆಗವಿದ ಕೆಳಹಂತದಲ್ಲಿ ಅದರ ವಾಸ. ನಂದಿಬೆಟ್ಟವು ಬಯಲುಸೀಮೆಯ ನಡುವೆ ಎತ್ತರದಲ್ಲಿ ನಿಂತಿರುವುದರಿಂದ ಚಳಿಗಾಲದ ವಲಸಿಗರನ್ನು ಆಕರ್ಷಿಸುತ್ತದೆ. ಅಲ್ಟ್ರಾಮರೀನ್ ನೊಣಹಿಡುಕವನ್ನು ನೋಡಲು ಬೆಂಗಳೂರಿನ ಹಕ್ಕಿವೀಕ್ಷಕರು ಅಲ್ಲಿಗೆ ಹೋಗುವುದು ಅದಕ್ಕಾಗಿಯೇ.

ಎರಡನೆಯ ಹೆಜ್ಜೆ: ಕೂತಿರುವ ಎತ್ತರ, ಭಂಗಿ, ಚಲನೆ

ಟಿಕೆಲ್‌ನ ನೊಣಹಿಡುಕ ಸುಮಾರು 14 ಸೆಂಟಿಮೀಟರ್ ಉದ್ದದ ಹಕ್ಕಿ. ನೆರಳಿನಲ್ಲಿ, ನೆಲದಿಂದ ಹೆಚ್ಚು ಎತ್ತರವಲ್ಲದ ಕೊಂಬೆಯ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತದೆ. ಕೆಲಹೊತ್ತು ಅಲುಗಾಡದೆ ಕೂತು, ಹಾರುವ ಕೀಟವನ್ನು ಕಂಡೊಡನೆ ಚಿಮ್ಮಿ ಹಿಡಿದು ಅದೇ ಕೊಂಬೆಗೋ ಪಕ್ಕದ್ದಕ್ಕೋ ಮರಳುತ್ತದೆ. ಈ ಮರಳುವ ಅಭ್ಯಾಸವೇ ನೋಡುಗರಿಗೆ ಸಿಕ್ಕುವ ದೊಡ್ಡ ಅನುಕೂಲ. ಹಕ್ಕಿ ಹಾರಿಹೋಯಿತೆಂದು ಬೆನ್ನಟ್ಟಿದವರಿಗೆ ಅದು ಸಿಗುವುದಿಲ್ಲ. ಇದ್ದಲ್ಲೇ ನಿಂತು, ಅದು ಬಿಟ್ಟುಹೋದ ಕೊಂಬೆಯ ಮೇಲೆ ಕಣ್ಣಿಟ್ಟವರಿಗೆ ಎರಡನೆಯ ಅವಕಾಶ ಸಾಮಾನ್ಯವಾಗಿ ಸಿಗುತ್ತದೆ. ಬೇರೆ ಹಕ್ಕಿಗಳು ಗೂಡು ಸೇರಿದ ಮೇಲೆ, ಸಂಜೆಯ ಮಬ್ಬಿನಲ್ಲಿಯೂ ಇದು ಬೇಟೆಯಲ್ಲಿ ತೊಡಗಿರುವುದುಂಟು.

ಕಪ್ಪು ಹೆಡಕಿನ ಮೊನಾರ್ಕ್‌ನ ಸ್ವಭಾವ ಇದಕ್ಕೆ ತೀರಾ ವಿರುದ್ಧವಾದದ್ದು. ಸುಮಾರು 16 ಸೆಂಟಿಮೀಟರ್ ಉದ್ದವಿದ್ದರೂ ಅದರಲ್ಲಿ ಬಾಲದ ಪಾಲು ಹೆಚ್ಚು. ಅದು ಒಂದೆಡೆ ನಿಲ್ಲುವುದೇ ಇಲ್ಲ. ದೇಹವನ್ನು ಅಡ್ಡಲಾಗಿ ಚಾಚಿಕೊಂಡು, ಬಾಲವನ್ನು ಆಗಾಗ ಬಿಚ್ಚುತ್ತ, ಕೊಂಬೆಯಿಂದ ಕೊಂಬೆಗೆ ನೆಗೆಯುತ್ತಿರುತ್ತದೆ. ಉದ್ರೇಕಗೊಂಡಾಗ ನೆತ್ತಿಯ ಗರಿಗಳು ನಿಮಿರುತ್ತವೆ. ಹಲವು ಜಾತಿಯ ಹಕ್ಕಿಗಳು ಒಟ್ಟಾಗಿ ಮೇಯುತ್ತ ಸಾಗುವ ಮಿಶ್ರ ಗುಂಪುಗಳಲ್ಲಿ ಇದನ್ನು ತಪ್ಪದೆ ಹುಡುಕಬೇಕು. ಹೆಸರಿಗೆ ನೊಣ ಹಿಡಿಯುವ ಹಕ್ಕಿಯಂತೆ ವರ್ತಿಸಿದರೂ ಇದು ಬೇರೆಯದೇ ಕುಟುಂಬಕ್ಕೆ ಸೇರಿದೆ. ಉದ್ದ ಬಾಲದ ರಾಜಹಕ್ಕಿ ಇದರ ಹತ್ತಿರದ ಬಂಧು.

ವರ್ಡಿಟರ್ ನೊಣಹಿಡುಕ ನೆರಳನ್ನು ಅಷ್ಟಾಗಿ ಹಚ್ಚಿಕೊಂಡಿಲ್ಲ. ಮರದ ತುದಿಯಲ್ಲಿ, ಒಣಗಿದ ಕೊಂಬೆಯಲ್ಲಿ, ವಿದ್ಯುತ್ ತಂತಿಯ ಮೇಲೆ ಬಯಲಿನಲ್ಲೇ ಕೂರುತ್ತದೆ. ಇಂಡಿಯನ್ ಬ್ಲೂ ರಾಬಿನ್ ನೆಲದ ಹಕ್ಕಿ. ಪೊದೆಗಳ ಬುಡದಲ್ಲಿ ತರಗೆಲೆಯ ಮೇಲೆ ಕುಪ್ಪಳಿಸುತ್ತ, ಬಾಲವನ್ನು ಅದುರಿಸುತ್ತಿರುತ್ತದೆ. ಬಣ್ಣ ಕಾಣದಷ್ಟು ಮಸುಕು ಬೆಳಕಿನಲ್ಲೂ ಈ ಅಭ್ಯಾಸಗಳು ಕಾಣುತ್ತವೆ ಎಂಬುದೇ ಈ ಹೆಜ್ಜೆಯ ಬಲ.

ಮೂರನೆಯ ಹೆಜ್ಜೆ: ಗಂಟಲು ಮತ್ತು ಎದೆ

ಹಕ್ಕಿ ಬೆನ್ನು ತೋರಿಸಿ ಕೂತಿದ್ದರೆ ಕಾಯಬೇಕು. ಅದು ತಿರುಗಿದಾಗ ಗದ್ದದಿಂದ ಆರಂಭಿಸಿ ಕೆಳಗಿಳಿಯುತ್ತ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕು: ಗಂಟಲು ಯಾವ ಬಣ್ಣ, ಎದೆ ಯಾವ ಬಣ್ಣ, ಹೊಟ್ಟೆಯ ಬಿಳಿ ಎಲ್ಲಿಂದ ಆರಂಭವಾಗುತ್ತದೆ.

ಗಂಡು ಟಿಕೆಲ್‌ನ ನೊಣಹಿಡುಕದಲ್ಲಿ ಗಂಟಲೂ ಎದೆಯೂ ಒಂದೇ ಹರಿವಿನ ಕಿತ್ತಳೆ. ಆ ಕಿತ್ತಳೆ ಎದೆಯ ಕೆಳಭಾಗದಲ್ಲಿ ನಿಂತು, ಅಲ್ಲಿಂದ ಕೆಳಗೆ ಬಿಳಿ. ಕಿತ್ತಳೆ ಮತ್ತು ಬಿಳಿಯ ನಡುವಿನ ಗೆರೆ ಬಹುಮಟ್ಟಿಗೆ ಸ್ಪಷ್ಟವಾಗಿರುತ್ತದೆ. ಹಣೆ ಮತ್ತು ಕಣ್ಣಿನ ಮೇಲ್ಭಾಗ ಉಳಿದ ಬೆನ್ನಿಗಿಂತ ತಿಳಿಯಾದ, ಹೊಳಪಿನ ನೀಲಿ. ಕಣ್ಣಿಗೂ ಕೊಕ್ಕಿಗೂ ನಡುವಿನ ಜಾಗ ಕಪ್ಪು.

ನೀಲಿ ಗಂಟಲಿನ ನೊಣಹಿಡುಕದ ಗಂಡು ಬಹಳ ಹೋಲುತ್ತದೆ, ಆದರೆ ಅದರ ಕಿತ್ತಳೆ ಎದೆಗೆ ಮಾತ್ರ ಸೇರಿದ್ದು, ಗಂಟಲು ಕಡುನೀಲಿ. ಇಲ್ಲೊಂದು ತೊಡಕಿದೆ. ಕೆಲವು ಹಕ್ಕಿಗಳಲ್ಲಿ ಎದೆಯ ಕಿತ್ತಳೆಯು ಚೂಪಾದ ತ್ರಿಕೋನದಂತೆ ಗಂಟಲಿನ ನಡುವಿಗೆ ಏರಿರುತ್ತದೆ, ನೇರ ಎದುರಿನಿಂದ ನೋಡಿದವರಿಗೆ ಗಂಟಲು ಕಿತ್ತಳೆಯೇ ಎಂಬ ಭ್ರಮೆ ಹುಟ್ಟುತ್ತದೆ. ಅಂತಹ ಸಂದರ್ಭದಲ್ಲಿ ಗಂಟಲಿನ ಬದಿಗಳನ್ನು ನೋಡಬೇಕು. ಬದಿಗಳು ನೀಲಿಯಾಗಿದ್ದು ನಡುವೆ ಮಾತ್ರ ಕಿತ್ತಳೆ ಇದ್ದರೆ ಅದು ನೀಲಿ ಗಂಟಲಿನದು. ಕಿತ್ತಳೆಯು ಕೆನ್ನೆಯ ಕೆಳಗಿನವರೆಗೆ ಅಗಲವಾಗಿ ಹರಡಿದ್ದರೆ ಟಿಕೆಲ್‌ನದು. ಬೇಸಿಗೆ ದಾಟಿ ಮಳೆಗಾಲವಾಗಿದ್ದರೆ ಈ ಗೊಂದಲವೇ ಬೇಡ, ಏಕೆಂದರೆ ನೀಲಿ ಗಂಟಲಿನದು ಆಗ ಇಲ್ಲಿ ಇರುವುದಿಲ್ಲ.

ಬಿಳಿ ಹೊಟ್ಟೆಯ ನೀಲಿ ನೊಣಹಿಡುಕದ ಗಂಡಿನಲ್ಲಿ ಕಿತ್ತಳೆಯ ಸುಳಿವೇ ಇಲ್ಲ. ಬೆನ್ನು, ಗಂಟಲು, ಎದೆ ಎಲ್ಲವೂ ಕಡುನೀಲಿ. ಹೊಟ್ಟೆ ಬೂದು ಬೆರೆತ ಬಿಳಿ. ಈ ಹಕ್ಕಿಯನ್ನು 1840ರಲ್ಲಿ ವಿವರಿಸಿದವರು ಮದರಾಸು ಸೇನೆಯಲ್ಲಿ ವೈದ್ಯರಾಗಿದ್ದ ಥಾಮಸ್ ಜೆರ್ಡನ್. ನೆರಳಿನಲ್ಲಿ ಮೌನವಾಗಿ ಕೂರುವ ಇದನ್ನು ನೋಡದೆಯೇ ದಾಟಿಹೋಗುವವರು ಬಹಳ. ಘಟ್ಟದ ಹಕ್ಕಿಗಳಲ್ಲಿ ಇದಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲ ಎಂಬುದು ನನ್ನ ಅನಿಸಿಕೆ.

ಗಂಡು ಮೊನಾರ್ಕ್‌ನಲ್ಲಿಯೂ ಕಿತ್ತಳೆ ಇಲ್ಲ, ತಲೆ, ಬೆನ್ನು, ಎದೆ ನೀಲಿ, ಹೊಟ್ಟೆ ಬಿಳಿ. ಹಾಗಿದ್ದರೆ ಬಿಳಿ ಹೊಟ್ಟೆಯ ನೊಣಹಿಡುಕದಿಂದ ಇದನ್ನು ಬೇರ್ಪಡಿಸುವುದು ಹೇಗೆ? ನೀಲಿ ತಿಳಿಯಾಗಿದೆ, ಆದರೆ ಬಣ್ಣದ ಛಾಯೆಯನ್ನು ನಂಬಬಾರದೆಂದು ಆಗಲೇ ಹೇಳಿಯಾಗಿದೆ. ಹೆಡಕಿನ ಮೇಲಿರುವ ದುಂಡನೆಯ ಕಪ್ಪು ಮಚ್ಚೆ ಮತ್ತು ಗಂಟಲಿನ ಕೆಳಗೆ ಅಡ್ಡಲಾಗಿ ಎಳೆದ ತೆಳುವಾದ ಕಪ್ಪು ಗೆರೆ, ಇವೆರಡೂ ನಿಶ್ಚಿತ ಗುರುತುಗಳು. ಹಕ್ಕಿ ತಲೆ ತಗ್ಗಿಸಿ ಕೀಟ ಕೀಳುವಾಗ ಮಚ್ಚೆ ಎದ್ದು ಕಾಣುತ್ತದೆ. ಕೆಳಗಿನಿಂದ ನೋಡುತ್ತಿರುವವರಿಗೆ ಮಚ್ಚೆ ಕಾಣದಿದ್ದರೂ ಕತ್ತಿಗೆ ಕಟ್ಟಿದ ಕರಿಮಣಿಯ ಎಳೆಯಂತಿರುವ ಆ ಗೆರೆ ಕಾಣಬಹುದು.

ಅಲ್ಟ್ರಾಮರೀನ್ ಇವೆಲ್ಲವುಗಳಿಗಿಂತ ಚಿಕ್ಕದು, ಸುಮಾರು 12 ಸೆಂಟಿಮೀಟರ್. ಅದರ ಗಂಟಲು ಮತ್ತು ಎದೆಯ ನಡುಭಾಗ ಅಚ್ಚ ಬಿಳಿ. ಎರಡೂ ಬದಿಯಿಂದ ಎದೆಗೆ ಚಾಚಿದ ನೀಲಿ ಪಟ್ಟಿ ಮಧ್ಯದಲ್ಲಿ ಕೂಡದೆ ತುಂಡಾಗಿ ನಿಲ್ಲುತ್ತದೆ. ವರ್ಡಿಟರ್‌ನಲ್ಲಿ ಬಿಳಿಯಾಗಲಿ ಕಿತ್ತಳೆಯಾಗಲಿ ಇಲ್ಲ, ಇಡೀ ದೇಹ ಹಸಿರು ಬೆರೆತ ನೀಲಿ, ಗಂಡಿನ ಕಣ್ಣಿನ ಮುಂದೆ ಕಪ್ಪು. ಬ್ಲೂ ರಾಬಿನ್‌ನ ಗಂಡಿನಲ್ಲಿ ಗಂಟಲಿನಿಂದ ಹೊಟ್ಟೆಯವರೆಗೂ ಕಿತ್ತಳೆ ಹರಿದಿರುತ್ತದೆ, ಕಣ್ಣಿನ ಮೇಲೆ ಎದ್ದು ಕಾಣುವ ಬಿಳಿ ಹುಬ್ಬಿರುತ್ತದೆ. ಬಿಳಿ ಹುಬ್ಬು ಕಂಡಿತೆಂದರೆ ಟಿಕೆಲ್‌ನ ಹಕ್ಕಿಯನ್ನು ಪಟ್ಟಿಯಿಂದ ತೆಗೆದುಹಾಕಬಹುದು.

ನಾಲ್ಕನೆಯ ಹೆಜ್ಜೆ: ಹೆಣ್ಣುಗಳು

ಹೆಚ್ಚಿನ ಮಾರ್ಗದರ್ಶಿಗಳು ಗಂಡು ಹಕ್ಕಿಗೆ ಪುಟವೆಲ್ಲವನ್ನೂ ಕೊಟ್ಟು, ಹೆಣ್ಣು ಮಂಕಾಗಿರುತ್ತದೆ ಎಂದು ಒಂದು ಸಾಲಿನಲ್ಲಿ ಮುಗಿಸುತ್ತವೆ. ಕಾಡಿನಲ್ಲಿ ಅರ್ಧದಷ್ಟು ಹಕ್ಕಿಗಳು ಹೆಣ್ಣುಗಳೇ ಆಗಿರುವುದರಿಂದ ಇದು ಸರಿಯಾದ ಕ್ರಮವಲ್ಲ. ಅದೃಷ್ಟವಶಾತ್ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಸರಳವಾಗಿದೆ: ಕಿತ್ತಳೆ ಎದೆಯ ಈ ಹೆಣ್ಣಿನ ಮೈಮೇಲೆ ಎಲ್ಲಾದರೂ ನೀಲಿ ಇದೆಯೇ?

ಇದ್ದರೆ ಅದು ಟಿಕೆಲ್‌ನ ಹೆಣ್ಣು. ಅದರ ಬೆನ್ನು ಬೂದುನೀಲಿ, ರೆಕ್ಕೆ ಮತ್ತು ಬಾಲದಲ್ಲಿ ನೀಲಿ ಇನ್ನೂ ಸ್ಪಷ್ಟ, ಗಂಟಲು ಮತ್ತು ಎದೆ ಗಂಡಿಗಿಂತ ತೆಳುವಾದ ಕಿತ್ತಳೆ. ನೀಲಿಯ ಸುಳಿವೇ ಇಲ್ಲದೆ ಬೆನ್ನು ಕಂದಾಗಿದ್ದು, ಬಾಲ ಕೆಂಗಂದಾಗಿದ್ದರೆ ಉಳಿಯುವುದು ಎರಡು ಹೆಸರು: ಬಿಳಿ ಹೊಟ್ಟೆಯದರ ಹೆಣ್ಣು ಮತ್ತು ನೀಲಿ ಗಂಟಲಿನದರ ಹೆಣ್ಣು. ಬಿಳಿ ಹೊಟ್ಟೆಯದರ ಹೆಣ್ಣಿನ ತಲೆ ಬೂದು, ಕಣ್ಣಿನ ಮುಂದಿನ ಜಾಗ ಬಿಳಿಚಿಕೊಂಡಿರುತ್ತದೆ, ಗಂಟಲು ಮತ್ತು ಎದೆಯ ಕಿತ್ತಳೆ ಗಾಢ. ಗಂಡಿನಲ್ಲಿ ಕಿತ್ತಳೆಯೇ ಇಲ್ಲದ ಜಾತಿಯ ಹೆಣ್ಣಿನಲ್ಲಿ ಇಷ್ಟು ಗಾಢವಾದ ಕಿತ್ತಳೆ ಇರುವುದರಿಂದ, ಜೋಡಿಯನ್ನು ಒಟ್ಟಿಗೆ ಕಂಡವರು ಎರಡು ಬೇರೆ ಜಾತಿಗಳೆಂದು ಬರೆದುಕೊಳ್ಳುವುದುಂಟು. ನೀಲಿ ಗಂಟಲಿನದರ ಹೆಣ್ಣಿನ ತಲೆ ಬೆನ್ನಿನಂತೆಯೇ ಕಂದು, ಎದೆಯ ಕಿತ್ತಳೆ ಕೆನೆ ಬೆರೆತಂತೆ ತೆಳು. ಈ ಎರಡನ್ನು ಬೇರ್ಪಡಿಸಲು ಒಳ್ಳೆಯ ಬೆಳಕು ಬೇಕು. ಬೆಳಕಿಲ್ಲದಿದ್ದರೆ ತಿಂಗಳನ್ನು ನೋಡಿ ತೀರ್ಮಾನಿಸಬೇಕು, ಅದೂ ಚಳಿಗಾಲವಾಗಿದ್ದರೆ ತೀರ್ಮಾನಿಸದೆ ಬಿಡುವುದೇ ಲೇಸು.

ಹೆಣ್ಣು ಮೊನಾರ್ಕ್‌ನ ತಲೆ ಮಂಕು ನೀಲಿ, ಬೆನ್ನು ಮತ್ತು ರೆಕ್ಕೆ ಬೂದುಗಂದು. ಕಪ್ಪು ಮಚ್ಚೆಯೂ ಗೆರೆಯೂ ಅದರಲ್ಲಿ ಇರುವುದಿಲ್ಲ. ಎದೆಯಲ್ಲಿ ಕಿತ್ತಳೆ ಇಲ್ಲದಿರುವುದು ಮತ್ತು ಆ ಚಂಚಲ ನಡವಳಿಕೆ ಅದನ್ನು ಬಿಟ್ಟುಕೊಡುತ್ತವೆ. ಮೈತುಂಬ ತಿಳಿ ಚುಕ್ಕೆಗಳಿದ್ದು, ರೆಕ್ಕೆ ಬಾಲಗಳಲ್ಲಿ ಮಾತ್ರ ನೀಲಿ ಇರುವ ಹಕ್ಕಿ ಮಳೆಗಾಲದ ಹೊತ್ತಿಗೆ ಕಂಡರೆ ಅದು ಹೊಸ ಜಾತಿಯಲ್ಲ, ಟಿಕೆಲ್‌ನ ಮರಿ ಇರಬಹುದು.

ಐದನೆಯ ಹೆಜ್ಜೆ: ದನಿ

ಟಿಕೆಲ್‌ನ ಹಕ್ಕಿಯನ್ನು ಕಣ್ಣಿಗಿಂತ ಮೊದಲು ಕಿವಿ ಪತ್ತೆ ಮಾಡುವುದೇ ಹೆಚ್ಚು. ಅದರ ಹಾಡು ಲೋಹದ ಕಿಣಿಕಿಣಿಯಂತಹ ಚಿಕ್ಕ ಸ್ವರಗಳ ಸರಣಿ. ಸಾಮಾನ್ಯವಾಗಿ ಆರು ಸ್ವರಗಳು, ಮೊದಲು ಇಳಿದು ಅನಂತರ ಏರುತ್ತವೆ, ಒಮ್ಮೊಮ್ಮೆ ಹತ್ತರವರೆಗೂ ಬೆಳೆಯುತ್ತವೆ. ಆಹಾರ ಹುಡುಕುವಾಗ ನಡುನಡುವೆ ಟಿಕ್ ಟಿಕ್ ಎಂಬ ಒಣ ದನಿಯನ್ನೂ ಹೊರಡಿಸುತ್ತದೆ. ಮೊನಾರ್ಕ್‌ನ ಕರೆ ಗೊಗ್ಗರು, ಎರಡು ಮೂರು ತುಂಡಾಗಿ ಬರುತ್ತದೆ. ಅದರ ಹಾಡಾದರೆ ಒಂದೇ ಸ್ವರವನ್ನು ಬಿಡದೆ ಪುನರಾವರ್ತಿಸುವ ಗಟ್ಟಿ ಸಿಳ್ಳೆ. ಜೀನೋ-ಕ್ಯಾಂಟೋ ಜಾಲತಾಣದಲ್ಲಿ ಈ ಎಲ್ಲ ಹಕ್ಕಿಗಳ ಧ್ವನಿಮುದ್ರಣಗಳು ಉಚಿತವಾಗಿ ಸಿಗುತ್ತವೆ. ಮೆರ್ಲಿನ್ ಆ್ಯಪ್ ದನಿಯನ್ನು ಕೇಳಿ ಹೆಸರು ಸೂಚಿಸುತ್ತದಾದರೂ ಅದನ್ನು ಸುಳಿವು ಎಂದು ಸ್ವೀಕರಿಸಿ ಹಕ್ಕಿಯನ್ನು ಹುಡುಕಬೇಕೇ ವಿನಾ ಅದರ ಮಾತನ್ನೇ ತೀರ್ಪೆಂದು ಪಟ್ಟಿಗೆ ಸೇರಿಸಬಾರದು. ಧ್ವನಿಮುದ್ರಣವನ್ನು ಮನೆಯಲ್ಲಿ ಕೇಳಿ ಕಲಿಯಿರಿ. ಕಾಡಿನಲ್ಲಿ ಅದನ್ನು ನುಡಿಸಿ ಹಕ್ಕಿಯನ್ನು ಕರೆಯುವುದು ಬೇಡ. ತನ್ನ ನೆಲೆಗೆ ಪ್ರತಿಸ್ಪರ್ಧಿ ಬಂದಿದ್ದಾನೆಂದು ತಿಳಿದು ಗಂಡು ಬೇಟೆಯನ್ನೂ ಗೂಡನ್ನೂ ಬಿಟ್ಟು ಹುಡುಕಾಡತೊಡಗುತ್ತದೆ.

ನೊಣಹಿಡುಕಗಳಲ್ಲದ ನೀಲಿಗಳು

ಹೊಸಬರು ಗೊಂದಲಕ್ಕೀಡಾಗುವ ಕೆಲವು ಹಕ್ಕಿಗಳನ್ನು ಬೇಗನೆ ದಾಟೋಣ. ಹಳ್ಳದ ಬಳಿ ನೀಲಿ ಬೆನ್ನು, ಕಿತ್ತಳೆ ಹೊಟ್ಟೆ, ಉದ್ದನೆಯ ಚೂಪು ಕೊಕ್ಕು ಕಂಡರೆ ಅದು ಮಿಂಚುಳ್ಳಿ. ಮರದ ಕಾಂಡದ ಮೇಲೆ ತಲೆಕೆಳಗಾಗಿಯೂ ಓಡಾಡುವ, ಕೆಂಪು ಕೊಕ್ಕಿನ ನೇರಳೆನೀಲಿ ಹಕ್ಕಿ ವೆಲ್ವೆಟ್ ಹಣೆಯ ನಟ್‌ಹ್ಯಾಚ್. ಸುಮಾರು 25 ಸೆಂಟಿಮೀಟರ್ ಉದ್ದದ, ಕೆಂಪು ಕಣ್ಣಿನ, ಹಣ್ಣಿನ ಮರಗಳಲ್ಲಿ ಕಾಣುವ ಕಪ್ಪು ಮತ್ತು ಕಡುನೀಲಿಯ ಹಕ್ಕಿ ಫೇರಿ ಬ್ಲೂಬರ್ಡ್. ಎತ್ತರದ ಬೆಟ್ಟಗಳಲ್ಲಿ, ಬಿಳಿಗಿರಿರಂಗನಬೆಟ್ಟ ಮತ್ತು ಬ್ರಹ್ಮಗಿರಿಯಂತಹ ಕಡೆ, ಕಡುನೀಲಿ ಮೈಯ ನೀಲಗಿರಿ ನೊಣಹಿಡುಕ ಸಿಗಬಹುದು. ಬಾಲದ ಬುಡದ ಎರಡು ಬದಿಯಲ್ಲಿರುವ ಬಿಳಿ ತೇಪೆಗಳು ಅದರ ಗುರುತು. ಎತ್ತರದ ಬೆಟ್ಟಗಳ ಕಣಿವೆಗಳಲ್ಲಿರುವ ಶೋಲಾ ಕಾಡುಗಳ ನೆಲದಂಚಿನಲ್ಲಿ ಓಡಾಡುವ ಶೋಲಾಕಿಳಿಗಳೂ ನೀಲಿಯವೇ. ಅವುಗಳನ್ನು ಬಹುಕಾಲ ಬೇರೆ ಬೇರೆ ಕುಲಗಳಿಗೆ ಸೇರಿಸುತ್ತ ಬಂದು, ಕೊನೆಗೆ 2017ರಲ್ಲಿ ಶೋಲಿಕೋಲಾ ಎಂಬ ಪ್ರತ್ಯೇಕ ಕುಲವನ್ನೇ ರಚಿಸಲಾಯಿತು.

ಸಲಕರಣೆ, ಸಮಯ, ನಡವಳಿಕೆ

ನೆರಳಿನ ಹಕ್ಕಿಗೆ ಹೆಚ್ಚು ಹಿಗ್ಗಿಸುವ ಬೈನಾಕ್ಯುಲರ್‌ಗಿಂತ ಹೆಚ್ಚು ಬೆಳಕು ಕೊಡುವ ಬೈನಾಕ್ಯುಲರ್ ಒಳ್ಳೆಯದು. 8x42 ಅಳತೆಯದರಲ್ಲಿ, ಅಂದರೆ ಎಂಟು ಪಟ್ಟು ಹಿಗ್ಗಿಸುವ, ಮುಂದಿನ ಮಸೂರ 42 ಮಿಲಿಮೀಟರ್ ಅಗಲವಿರುವ ಬೈನಾಕ್ಯುಲರ್‌ನಲ್ಲಿ, ಕಣ್ಣಿಗೆ ತಲುಪುವ ಬೆಳಕಿನ ಕಂಬದ ವ್ಯಾಸ 5.25 ಮಿಲಿಮೀಟರ್, 10x42ರಲ್ಲಿ 4.2 ಮಿಲಿಮೀಟರ್, ಮಬ್ಬುಗತ್ತಲಿನಲ್ಲಿ ಈ ವ್ಯತ್ಯಾಸ ಗಂಟಲಿನ ಬಣ್ಣ ಕಾಣುವುದಕ್ಕೂ ಕಾಣದಿರುವುದಕ್ಕೂ ಇರುವ ವ್ಯತ್ಯಾಸವಾಗಬಹುದು. ಕ್ಯಾಮೆರಾ ಇರುವವರು ಮೊದಲು ಬೈನಾಕ್ಯುಲರ್‌ನಲ್ಲಿ ಗಂಟಲನ್ನು ನೋಡಿ, ಅನಂತರ ಚಿತ್ರ ತೆಗೆಯಲಿ. ಮಸುಕಾದ ಹತ್ತು ಬೆನ್ನಿನ ಚಿತ್ರಗಳಿಗಿಂತ ಸ್ಪಷ್ಟವಾಗಿ ಕಂಡ ಒಂದು ಎದೆ ಹೆಚ್ಚು ಹೇಳುತ್ತದೆ.

ಬೆಳಗಿನ ಹೊತ್ತು ಎಲ್ಲ ಹಕ್ಕಿಗಳಿಗೂ ಸರಿ. ಆದರೆ ಬೇಸಿಗೆಯಲ್ಲಿ, ಕಾಡಿನ ನೀರು ಬತ್ತಿದಾಗ, ಉಳಿದಿರುವ ಚಿಕ್ಕ ಗುಂಡಿಗಳಿಗೆ ಮಧ್ಯಾಹ್ನದ ಮೇಲೆ ಇವು ಮೀಯಲು ಬರುತ್ತವೆ. ದಾಂಡೇಲಿ ಸಮೀಪದ ಗಣೇಶಗುಡಿಯಲ್ಲಿ ಹಕ್ಕಿಗಳಿಗಾಗಿಯೇ ಇಟ್ಟಿರುವ ನೀರಿನ ತೊಟ್ಟಿಗಳ ಮುಂದೆ ಸುಮ್ಮನೆ ಕೂತರೆ ಮೊನಾರ್ಕ್ ಮತ್ತು ಬಿಳಿ ಹೊಟ್ಟೆಯ ನೊಣಹಿಡುಕ ಎರಡನ್ನೂ ಹತ್ತಿರದಿಂದ ನೋಡಿ ಹೋಲಿಸಬಹುದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಸಿಗುವುದು ಕಷ್ಟ. ರಕ್ಷಿತ ಅರಣ್ಯಗಳಲ್ಲಿ ಅರಣ್ಯ ಇಲಾಖೆಯ ಅನುಮತಿ ಪಡೆದೇ ನಡೆಯಬೇಕು.

ಮಾರ್ಚ್‌ನಿಂದ ಆಗಸ್ಟ್‌ವರೆಗೆ ಮರಿ ಮಾಡುವ ಕಾಲ. ಟಿಕೆಲ್‌ನ ಹಕ್ಕಿ ಬಂಡೆಯ ಸಂದಿ, ಮಣ್ಣಿನ ದಂಡೆ ಅಥವಾ ಮರದ ಪೊಟರೆಯಲ್ಲಿ ಗೂಡಿಡುತ್ತದೆ. ಮೊನಾರ್ಕ್ ಕವಲುಕೊಂಬೆಯಲ್ಲಿ ಬಟ್ಟಲಿನಾಕಾರದ ಗೂಡು ಕಟ್ಟಿ ಹೊರಮೈಗೆ ಜೇಡರಬಲೆ ಮೆತ್ತುತ್ತದೆ. ಹಕ್ಕಿ ಬಾಯಲ್ಲಿ ಹುಳು ಹಿಡಿದುಕೊಂಡು, ನುಂಗದೆ, ನಿಮ್ಮನ್ನೇ ನೋಡುತ್ತ ಟಿಕ್ ಟಿಕ್ ಎನ್ನುತ್ತಿದ್ದರೆ ಗೂಡು ಹತ್ತಿರದಲ್ಲಿದೆ ಎಂದರ್ಥ. ತಕ್ಷಣ ಹಿಂದೆ ಸರಿಯಬೇಕು.

ಟಿಪ್ಪಣಿ ಬರೆಯುವಾಗ ಹೆಸರನ್ನು ಕೊನೆಗೆ ಬರೆಯಿರಿ. ಮೊದಲು ದಿನಾಂಕ, ಜಾಗ, ಕೂತಿದ್ದ ಎತ್ತರ, ಗಂಟಲಿನ ಬಣ್ಣ, ಎದೆಯ ಬಣ್ಣ, ಬಾಲದ ಬಣ್ಣ, ಕೇಳಿದ ದನಿ. ಕಾಣದ ಭಾಗದ ಮುಂದೆ ಕಾಣಲಿಲ್ಲ ಎಂದೇ ಬರೆಯಬೇಕು, ಪುಸ್ತಕ ನೋಡಿ ತುಂಬಬಾರದು. ಗಂಟಲು ಕಾಣದೆ ಉಳಿದ ಹಕ್ಕಿಯನ್ನು, ಹಕ್ಕಿವೀಕ್ಷಕರು ತಾವು ಕಂಡದ್ದನ್ನು ನಮೂದಿಸುವ ಇಬರ್ಡ್ ಜಾಲತಾಣದಲ್ಲಿ ದಾಖಲಿಸುವಾಗ ಜಾತಿಯ ಹೆಸರಿಗೆ ಕಟ್ಟುಬೀಳದೆ ಸಯೋರ್ನಿಸ್ ಕುಲದ ಹಕ್ಕಿ ಎಂದಷ್ಟೇ ನಮೂದಿಸುವ ಅವಕಾಶವಿದೆ. ಅದನ್ನು ಸಂಕೋಚವಿಲ್ಲದೆ ಬಳಸಿಕೊಳ್ಳಬಹುದು.